ಏನೂ ತಿನ್ನದ ಚಂದ್ರ ಪತಂಗ, ಗೋಡೆಯ ಮೇಲಿನ ಅದರ ಮೊಟ್ಟೆ

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ. ಮನೆ ಅಡಿಕೆ ತೋಟದ ಪಕ್ಕ, ಹಿಂದೆ ಸೊಪ್ಪಿನ ಬೆಟ್ಟ. ಮೊನ್ನೆ ಮಳೆ ಹಿಡಿದ ರಾತ್ರಿ ಜಗುಲಿಯ ಬಲ್ಬಿಗೆ ಅಂಗೈಗಿಂತ ದೊಡ್ಡ, ತಿಳಿಹಸಿರು ಬಣ್ಣದ, ಉದ್ದ ಬಾಲದ ಚಿಟ್ಟೆಯೊಂದು ಬಂತು. ಎರಡು ದಿನವಾದರೂ ಗೋಡೆ ಬಿಟ್ಟು ಕದಲಿಲ್ಲ. ಸಕ್ಕರೆ ನೀರು, ಜೇನು, ಬಾಳೆಹಣ್ಣು ಇಟ್ಟರೂ ಮುಟ್ಟಲಿಲ್ಲ. ಇವತ್ತು ನೋಡಿದರೆ ಗೋಡೆಯ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ಮೊಟ್ಟೆಗಳು ಅಂಟಿವೆ. ಇದು ಯಾವುದು? ಇದಕ್ಕೆ ಕಾಯಿಲೆಯೇ? ಮೊಟ್ಟೆಗಳನ್ನು ಮಕ್ಕಳ ಜೊತೆ ಸಾಕಬಹುದೇ? ರೆಕ್ಕೆಯ ಹುಡಿ ವಿಷ ಎಂದು ಮನೆಯ ಹಿರಿಯರು ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಜಗುಲಿಗೆ ಬಂದದ್ದು ಚಂದ್ರ ಪತಂಗ. ವೈಜ್ಞಾನಿಕ ಹೆಸರು ಆಕ್ಟಿಯಾಸ್ ಸೆಲೀನೆ. ಸೆಲೀನೆ ಗ್ರೀಕರ ಚಂದ್ರದೇವತೆ. 1807ರಲ್ಲಿ ಹ್ಯೂಬ್ನರ್ ಎಂಬ ಕೀಟತಜ್ಞ ಈ ಹೆಸರಿನಿಂದ ಇದನ್ನು ವರ್ಣಿಸಿದ. ಹಿಮಾಲಯದ ತಪ್ಪಲಿನಿಂದ ನಮ್ಮ ಪಶ್ಚಿಮ ಘಟ್ಟದವರೆಗೆ, ಶ್ರೀಲಂಕಾದಲ್ಲಿ, ಪೂರ್ವಕ್ಕೆ ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಇದರ ವಾಸ. ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಅದು ಉಣ್ಣದಿರುವುದಕ್ಕೆ ಕಾರಣ ಸರಳ: ಉಣ್ಣಬಲ್ಲ ಬಾಯಿ ಅದಕ್ಕಿಲ್ಲ. ಚಿಟ್ಟೆಗಳಿಗೆ ಇರುವ ಸುರುಳಿ ಸೊಂಡಿಲು ಇದರಲ್ಲಿ ಕುಗ್ಗಿ ಕೆಲಸಕ್ಕೆ ಬಾರದಂತಾಗಿದೆ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆಯೇ ಇದರ ರೆಕ್ಕೆಯ ಬದುಕು ನಡೆಯಬೇಕು. ಆ ಬದುಕು ಹೆಚ್ಚು ಕಡಿಮೆ ಒಂದು ವಾರದ್ದು. ಸಕ್ಕರೆ ನೀರನ್ನು ತೆಗೆದುಬಿಡಿ. ಅದರಿಂದ ಇರುವೆ ಬರುತ್ತದೆ, ಇರುವೆ ಬಂದರೆ ಮೊಟ್ಟೆ ಉಳಿಯುವುದಿಲ್ಲ.

ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಪತಂಗದ ಶಕ್ತಿ ಅಳತೆಯದು, ಖರ್ಚಾದದ್ದನ್ನು ತುಂಬಿಕೊಳ್ಳಲು ದಾರಿಯಿಲ್ಲ. ಬಲ್ಬಿನ ಸುತ್ತ ರಾತ್ರಿಯಿಡೀ ಬಡಿದುಕೊಂಡರೆ ಗಂಡಿಗೆ ಹೆಣ್ಣನ್ನು ಹುಡುಕುವ ಬಲ ಉಳಿಯದು, ಹೆಣ್ಣಿಗೆ ಮೊಟ್ಟೆ ಇಡಲು ಸರಿಯಾದ ಮರ ಹುಡುಕುವ ಬಲ ಉಳಿಯದು. ನಿಮ್ಮ ಮನೆಯ ಹೆಣ್ಣು ಎಲೆಯ ಮೇಲೆ ಇಡಬೇಕಾದ ಮೊಟ್ಟೆಯನ್ನು ಗೋಡೆಗೆ ಅಂಟಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಇವತ್ತಿನ ಮೊದಲ ಕೆಲಸ, ಕತ್ತಲಾಗುವ ಹೊತ್ತಿಗೆ ಜಗುಲಿಯ ದೀಪ ಆರಿಸುವುದು. ಪತಂಗದ ಮುಂಗಾಲಿನ ಎದುರು ಒಂದು ಒರಟು ಕಡ್ಡಿ ಹಿಡಿದು ಮೆಲ್ಲಗೆ ತಾಗಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಅದನ್ನು ಬೆಟ್ಟದ ಬದಿಯ ದಟ್ಟ ಪೊದೆಗೆ ದಾಟಿಸಿ. ಹಗಲಲ್ಲಿ ಬಿಡಬೇಡಿ: ದೀಪದ ಕೆಳಗೆ ಉಳಿದ ಪತಂಗಗಳನ್ನು ಬೆಳಗಾಗುತ್ತಲೇ ಕಾಜಾಣ, ಮಡಿವಾಳ ಹಕ್ಕಿಗಳು ಹೆಕ್ಕಿಕೊಂಡು ಹೋಗುತ್ತವೆ, ಗೋಡೆಯ ಹಲ್ಲಿಯೂ ಬಿಡುವುದಿಲ್ಲ.

ಇದು ಚಿಟ್ಟೆಯಲ್ಲ, ಪತಂಗ ಎಂದು ಮಕ್ಕಳಿಗೆ ತೋರಿಸಲು ಮೀಸೆ ಸಾಕು. ಚಿಟ್ಟೆಯ ಮೀಸೆ ತೆಳ್ಳಗಿದ್ದು ತುದಿಯಲ್ಲಿ ಗುಂಡಿಯಂತಿರುತ್ತದೆ. ಚಂದ್ರ ಪತಂಗದ್ದು ಗರಿಯಂತೆ ಎರಡೂ ಬದಿಗೆ ಎಳೆ ಬಿಟ್ಟಿರುತ್ತದೆ. ಗಂಡು ಹೆಣ್ಣು ಗುರುತಿಸುವುದೂ ಅದರಿಂದಲೇ. ಗಂಡಿನ ಮೀಸೆ ಅಗಲವಾದ ಬಾಚಣಿಗೆಯ ಹಾಗೆ, ಹೊಟ್ಟೆ ಸಣ್ಣ. ಹೆಣ್ಣಿನ ಮೀಸೆ ಸಪೂರ, ಹೊಟ್ಟೆ ದಪ್ಪ, ರೆಕ್ಕೆ ತುಸು ದುಂಡು. ಗಂಡಿನ ಮೀಸೆ ಅಷ್ಟು ಅಗಲವಾಗಿರುವುದು ಗಾಳಿಯಲ್ಲಿ ತೇಲಿಬರುವ ಹೆಣ್ಣಿನ ವಾಸನೆ ಹಿಡಿಯಲು.

ಉಳಿದ ಗುರುತುಗಳು: ರೆಕ್ಕೆ ಬಿಚ್ಚಿದಾಗ ಅಡ್ಡಳತೆ ಸುಮಾರು 12 ಸೆಂಟಿಮೀಟರ್, ಕೆಲವು ಇನ್ನೂ ದೊಡ್ಡವು. ಮೈ ಬಿಳಿ, ಹತ್ತಿಯಂತೆ ಮೆತ್ತಗೆ. ಮುಂದಿನ ರೆಕ್ಕೆಯ ಮೇಲಂಚಿನ ಉದ್ದಕ್ಕೂ ಕೋಕಂ ಹಣ್ಣಿನ ಬಣ್ಣದ ಪಟ್ಟಿ. ಎಲೆಗಳ ನಡುವೆ ನೇತಾಡುವಾಗ ಅದು ಕಡ್ಡಿಯ ಹಾಗೆ, ರೆಕ್ಕೆ ಎಲೆಯ ಹಾಗೆ ಕಾಣುತ್ತದೆ. ನಾಲ್ಕು ರೆಕ್ಕೆಯ ಮೇಲೂ ಒಂದೊಂದು ಕಣ್ಣಿನ ಗುರುತು, ಅದರ ಒಂದು ಬದಿಗೆ ಕಪ್ಪು ಅರ್ಧಚಂದ್ರ. ಹಿಂದಿನ ರೆಕ್ಕೆಗಳಿಂದ ಇಳಿದ ಬಾಲ ಬುಡದ ಹತ್ತಿರ ಗುಲಾಬಿ ಛಾಯೆಯದು.

ಬಾಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ಬರೀ ಅಲಂಕಾರವೆಂದು ಬಹುಕಾಲ ಜನ ಅಂದುಕೊಂಡಿದ್ದರು. 2015ರಲ್ಲಿ ಅಮೆರಿಕದ ಜೆಸ್ಸಿ ಬಾರ್ಬರ್ ಮತ್ತು ಸಂಗಡಿಗರು ಇದರ ದಾಯಾದಿಯಾದ ಅಲ್ಲಿಯ ಲೂನಾ ಪತಂಗವನ್ನು ಬಾವಲಿಗಳ ಎದುರು ಬಿಟ್ಟು ನೋಡಿದರು. ಬಾವಲಿ ತನ್ನ ಕೂಗಿನ ಪ್ರತಿಧ್ವನಿ ಕೇಳಿ ಬೇಟೆ ಎಲ್ಲಿದೆ ಎಂದು ತಿಳಿಯುತ್ತದೆ. ಹಾರುವಾಗ ತಿರುಚಿ ತಿರುಗುವ ಬಾಲ ಬೇರೆಯದೇ ಪ್ರತಿಧ್ವನಿ ಕೊಡುತ್ತದೆ, ಬಾವಲಿ ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕುತ್ತದೆ. ಅರ್ಧಕ್ಕಿಂತ ಹೆಚ್ಚು ದಾಳಿಗಳು ಬಾಲದ ಕಡೆಗೇ ಹೋದವು. ಬಾಲ ಕತ್ತರಿಸಿದ ಪತಂಗಗಳಿಗಿಂತ ಬಾಲವಿದ್ದವು ಶೇ 47ರಷ್ಟು ಹೆಚ್ಚು ಬದುಕಿದವು. ಹಾಗಾಗಿ ನಿಮ್ಮ ಬಲ್ಬಿನಡಿ ಒಂದು ಬಾಲ ಹರಿದ ಪತಂಗ ಕಂಡರೆ ಮರುಗಬೇಡಿ. ಬಾಲ ಕೊಟ್ಟು ಜೀವ ಉಳಿಸಿಕೊಂಡಿರಬಹುದು, ಅದು ಆಮೇಲೂ ಹಾರುತ್ತದೆ, ಮೊಟ್ಟೆಯಿಡುತ್ತದೆ.

ಹುಡಿಯ ಪ್ರಶ್ನೆಗೆ: ಅದು ರೆಕ್ಕೆಯನ್ನು ಹೆಂಚಿನಂತೆ ಹೊದ್ದಿರುವ ಸಣ್ಣ ಹುರುಪೆಗಳು, ವಿಷವೇನೂ ಇಲ್ಲ. ಮಕ್ಕಳು ಮುಟ್ಟಿದರೆ ಕೈ ತೊಳೆದರಾಯಿತು. ಹಾಗೆಂದು ರೆಕ್ಕೆ ಹಿಡಿದು ಎತ್ತುವುದು ಬೇಡ, ಹುರುಪೆ ಉದುರಿದ ಜಾಗ ಮತ್ತೆ ತುಂಬುವುದಿಲ್ಲ. ಇದರ ಹುಳುವೂ ಕಂಬಳಿ ಹುಳುವಿನ ಹಾಗೆ ತುರಿಕೆ ತರುವುದಲ್ಲ. ಮೈಮೇಲೆ ಗುಬುಟು, ಅದರ ಮೇಲೆ ಗಡುಸು ಕೂದಲು ಇರುತ್ತದೆ. ಮೃದು ಚರ್ಮಕ್ಕೆ ಸ್ವಲ್ಪ ಚುಚ್ಚಬಹುದು ಅಷ್ಟೆ. ಆದರೆ ಮಕ್ಕಳಿಗೆ ಒಂದು ವ್ಯತ್ಯಾಸ ಕಲಿಸಿ: ಮಾವು, ತೆಂಗು, ಕಾಫಿ ಗಿಡಗಳಲ್ಲಿ ಹಸಿರು ಬಣ್ಣದ, ಚಪ್ಪಟೆಯಾದ, ಕಾಲು ಕಾಣದಂತೆ ಬಸವನಹುಳುವಿನ ಹಾಗೆ ಜಾರುತ್ತ ಹೋಗುವ ಮುಳ್ಳಿನ ಹುಳುಗಳಿರುತ್ತವೆ. ಅವು ಮುಟ್ಟಿದರೆ ಬೆಂಕಿ ತಾಗಿದಂತೆ ಉರಿಯುತ್ತದೆ. ಚಂದ್ರ ಪತಂಗದ ಹುಳು ದುಂಡಗೆ, ದಪ್ಪ ಕಾಲುಗಳಿಂದ ಕಡ್ಡಿಯನ್ನು ಬಿಗಿಯಾಗಿ ಅಪ್ಪಿ ಹಿಡಿದಿರುತ್ತದೆ.

ಈಗ ಮೊಟ್ಟೆಗೆ ಬರೋಣ. ಬೆಳಕಿಗೆ ಬರುವ ಹೆಣ್ಣು ಹೆಚ್ಚಾಗಿ ಕೂಡಿಯಾದ ಹೆಣ್ಣೇ. ಗೂಡಿನಿಂದ ಹೊಸದಾಗಿ ಹೊರಬಂದ ಹೆಣ್ಣು ದೂರ ಹಾರುವುದಿಲ್ಲ, ಇದ್ದಲ್ಲೇ ಕುಳಿತು ರಾತ್ರಿ ಹೊಟ್ಟೆಯ ತುದಿಯಿಂದ ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಕೂಡಿದ ಮೇಲೆಯೇ ಮೊಟ್ಟೆಯಿಡಲು ಹಾರಾಡುವುದು. ಆದ್ದರಿಂದ ನಿಮ್ಮ ಮೊಟ್ಟೆಗಳು ಒಡೆಯುವ ಸಂಭವ ಚೆನ್ನಾಗಿದೆ. ಕೂಡದ ಹೆಣ್ಣೂ ಕೊನೆಗೆ ಮೊಟ್ಟೆ ಇಟ್ಟುಬಿಡುತ್ತದೆ, ಅವು ಕೆಲವು ದಿನಗಳಲ್ಲಿ ಕುಳಿಬಿದ್ದು ಒಣಗುತ್ತವೆ. ಆದರೆ ಕುಳಿ ಕಂಡ ಕೂಡಲೇ ಎಸೆಯಬೇಡಿ, 15 ದಿನ ಕಾಯಿರಿ. ಒಳ್ಳೆಯ ಮೊಟ್ಟೆ ಸುಮಾರು 2 ಮಿಲಿಮೀಟರ್, ಮಾಸಲು ಬಿಳಿ, ಮೇಲೆ ಕಂದು ಅಂಟಿನ ಕಲೆಗಳು.

ಗೋಡೆಯಿಂದ ಕೆರೆದು ತೆಗೆಯಲು ಹೋಗಬೇಡಿ, ಅಂಟು ಗಟ್ಟಿಯಾಗಿದ್ದು ಸಿಪ್ಪೆ ಒಡೆಯುತ್ತದೆ. ಇದ್ದಲ್ಲೇ ಬಿಟ್ಟು, ಅವುಗಳ ಕೆಳಗೆ ರಟ್ಟಿನ ಒಂದು ಜೇಬು ಮಾಡಿ ಗೋಡೆಗೆ ಟೇಪಿನಿಂದ ಅಂಟಿಸಿ. ಎಂಟನೇ ದಿನದಿಂದ ಬೆಳಿಗ್ಗೆ ಸಂಜೆ ನೋಡುತ್ತಿರಿ. 8ರಿಂದ 12 ದಿನಗಳಲ್ಲಿ ಒಡೆಯುತ್ತವೆ, ಚಳಿಯಿದ್ದರೆ ಒಂದೆರಡು ದಿನ ತಡ. ಮುಂದೊಮ್ಮೆ ಇಂಥ ಹೆಣ್ಣು ಸಿಕ್ಕರೆ ಒಂದು ರಾತ್ರಿ ದೊಡ್ಡ ಕಾಗದದ ಚೀಲದಲ್ಲಿಟ್ಟು ಮರುದಿನ ಸಂಜೆ ಬಿಟ್ಟುಬಿಡಿ. ಮೊಟ್ಟೆ ಕಾಗದಕ್ಕೆ ಅಂಟಿರುತ್ತದೆ, ಕತ್ತರಿಯಿಂದ ತುಂಡು ಮಾಡಿ ಬೇಕಾದಲ್ಲಿ ಇಡಬಹುದು. ಉಳಿದ ಮೊಟ್ಟೆಯನ್ನು ಅದು ಕಾಡಿನಲ್ಲೇ ಇಡಲಿ.

ಎಷ್ಟು ಸಾಕಬೇಕು ಎಂಬುದನ್ನು ಮೊಟ್ಟೆ ಒಡೆಯುವ ಮೊದಲೇ ತೀರ್ಮಾನಿಸಿ. ಮೊದಲ ಸಲಕ್ಕೆ 10, ಹೆಚ್ಚೆಂದರೆ 15. ಕಾರಣ ಸೊಪ್ಪು. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಐದನೇ, ಅಂದರೆ ಕೊನೆಯ ಹಂತದಲ್ಲೇ ತಿನ್ನುತ್ತದೆ. ಇದರದ್ದೂ ಅದೇ ರೀತಿ. ಮೊದಲ ಎರಡು ವಾರ ನಾಲ್ಕು ಎಲೆಯಲ್ಲಿ ಮುಗಿಯುವ ಹುಳುಗಳು ಕೊನೆಯ ಎರಡು ವಾರ ದಿನಕ್ಕೊಂದು ಹೊರೆ ರೆಂಬೆ ಬೇಡುತ್ತವೆ. ಐವತ್ತು ಹುಳು ಇಟ್ಟುಕೊಂಡವರು ಸೋಲುವುದು ಆ ಹೊತ್ತಿಗೆ. ಮಿಕ್ಕ ಮರಿಗಳನ್ನು ಒಡೆದ ದಿನವೇ ಮರದ ಎಳೆಯ ಎಲೆಗೆ ಬಿಟ್ಟುಬಿಡಿ.

ಯಾವ ಮರ? ನಮ್ಮ ಕಡೆ ಇದು ಒಪ್ಪಿ ತಿನ್ನುವುದು ಉದಿ ಮರದ ಎಲೆ. ಗೊಡ್ಡ ಮರ, ಶಿಮಟಿ ಎಂದೂ ಕೆಲವೆಡೆ ಕರೆಯುತ್ತಾರೆ, ವೈಜ್ಞಾನಿಕವಾಗಿ ಲ್ಯಾನಿಯಾ ಕೊರಮಾಂಡೆಲಿಕಾ. ಮಾವು, ಗೇರಿನ ಕುಟುಂಬದ ಮರ. ಕಡಿದು ನೆಟ್ಟ ಗೂಟವೂ ಚಿಗುರುವುದರಿಂದ ಬೇಲಿಗೆ ಹಾಕಿರುತ್ತಾರೆ. ಬೇಸಿಗೆಯಲ್ಲಿ ಪೂರ್ತಿ ಬೋಳಾಗಿ, ಬರೀ ಕೊಂಬೆಯ ಮೇಲೆ ಹೂ ಬಿಟ್ಟು, ಮಳೆ ಬಿದ್ದಾಗ ಚಿಗುರುತ್ತದೆ. ಒಂದು ದಂಟಿನ ಮೇಲೆ ಜೋಡಿ ಜೋಡಿಯಾಗಿ ಎಲೆಗಳು, ತುದಿಗೊಂದು ಒಂಟಿ ಎಲೆ. ತೊಗಟೆ ಕೆತ್ತಿದರೆ ಅಂಟು ಒಸರುತ್ತದೆ. ಹಿಮಾಲಯದ ಕಡೆ ಇದೇ ಪತಂಗದ ಹುಳು ಅಕ್ರೋಟು, ಚೆರ್ರಿ ಜಾತಿಯ ಮರಗಳನ್ನು ತಿಂದು ಬೆಳೆಯುತ್ತದೆ. ಯುರೋಪಿನಲ್ಲಿ ಸಾಕುವವರು ಚೆರ್ರಿ, ಹಾಥಾರ್ನ್, ರೋಡೋಡೆಂಡ್ರಾನ್ ಎಲೆ ಕೊಡುತ್ತಾರೆ. ಅಂದರೆ ಇದು ಒಂದೇ ಮರಕ್ಕೆ ಕಟ್ಟುಬಿದ್ದ ಹುಳುವಲ್ಲ. ಆದರೆ ಒಮ್ಮೆ ಒಂದು ಎಲೆಗೆ ಬಾಯಿ ಹಾಕಿದ ಮೇಲೆ ನಡುವೆ ಬದಲಿಸಿದರೆ ಬಹಳಷ್ಟು ಹುಳುಗಳು ತಿನ್ನದೆ ಸಾಯುತ್ತವೆ. ಉದಿ ಮರ ಹತ್ತಿರ ಇಲ್ಲದಿದ್ದರೆ ಹೀಗೆ ಮಾಡಿ: ಮರಿ ಒಡೆದ ದಿನ ಮತ್ತಿ, ಪೇರಲೆ ಹೀಗೆ ಮೂರು ನಾಲ್ಕು ಮರದ ಎಳೆಯ ಎಲೆಗಳನ್ನು ಒಂದೇ ಡಬ್ಬಿಯಲ್ಲಿಟ್ಟು ನೋಡಿ. 24 ಗಂಟೆಯಲ್ಲಿ ಯಾವ ಎಲೆಯ ಅಂಚು ಕಚ್ಚಿದೆಯೋ, ಕೆಳಗೆ ಯಾವುದರ ಹತ್ತಿರ ಕರಿ ಹಿಕ್ಕೆ ಬಿದ್ದಿದೆಯೋ ಅದನ್ನೇ ಕೊನೆಯವರೆಗೆ ಕೊಡಿ. ಯಾವುದನ್ನೂ ಮುಟ್ಟದಿದ್ದರೆ ಎರಡನೇ ದಿನ ಬೇರೆ ಎಲೆ. ಮೂರನೇ ದಿನಕ್ಕೆ ಕಾಯಬೇಡಿ, ಅಷ್ಟರಲ್ಲಿ ಬಲಗುಂದುತ್ತವೆ.

ಹೊಸ ಮರಿಗಳು ಒಡೆದ ಮೇಲೆ ಹಲವು ಗಂಟೆ ಸುಮ್ಮನೆ ಡಬ್ಬಿ ಸುತ್ತುತ್ತವೆ. ಅದು ಅವುಗಳ ಸ್ವಭಾವ, ಗಾಬರಿಪಟ್ಟು ಎಲೆ ಬದಲಿಸಬೇಡಿ.

ಅಡಿಕೆ ತೋಟದ ಮನೆಯಾದ್ದರಿಂದ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಮೈಲುತುತ್ತ, ಸುಣ್ಣದ ಹನಿ ಗಾಳಿಗೆ ಹಾರಿ ತೋಟದಂಚಿನ ಮರಗಳ ಎಲೆಯ ಮೇಲೆ ಕೂರುತ್ತದೆ. ಆ ಎಲೆಯನ್ನು ಹುಳುವಿಗೆ ಕೊಡಬೇಡಿ. ಬೆಟ್ಟದ ಒಳಭಾಗದಿಂದ ತನ್ನಿ. ಮನೆಯೊಳಗೆ ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಬಳಸುವ ಕೋಣೆಯಲ್ಲಿ ಹುಳು ಇಡಲೇಕೂಡದು. ಸೊಳ್ಳೆಯನ್ನು ಕೊಲ್ಲುವ ವಿಷ ಹುಳುವನ್ನೂ ಕೊಲ್ಲುತ್ತದೆ: ಮೈ ತಿರುಚಿ, ಬಾಯಲ್ಲಿ ಹಸಿರು ದ್ರವ ಕಾರಿ, ಒಂದೇ ರಾತ್ರಿಯಲ್ಲಿ ಎಲ್ಲವೂ ಬಿದ್ದಿದ್ದರೆ ರೋಗವೆಂದು ಹುಡುಕುವ ಮೊದಲು ಪ್ಲಗ್ ನೋಡಿ.

ಹುಳುವಿನ ಬೆಳವಣಿಗೆ ರೇಷ್ಮೆ ಸಾಕಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಚಂದ್ರ ಪತಂಗ ಟಸಾರ್ ರೇಷ್ಮೆ ಪತಂಗದ ಕುಟುಂಬದ್ದು, ಹಿಪ್ಪುನೇರಳೆ ತಿನ್ನುವ ನಮ್ಮ ರೇಷ್ಮೆ ಹುಳುವಿಗೂ ದೂರದ ನಂಟು. ಅದರಂತೆ ಇದಕ್ಕೂ ನಾಲ್ಕು ಜ್ವರ (ಹುಳು ಹಳೆಯ ಪೊರೆ ಕಳಚುವ ಹೊತ್ತಿಗೆ ರೇಷ್ಮೆ ಸಾಕುವವರು ಹೇಳುವ ಮಾತು), ಐದು ಹಂತ. ಮೊಟ್ಟೆಯಿಂದ ಬಂದ ಮರಿ ಅರ್ಧ ಸೆಂಟಿಮೀಟರ್ ಉದ್ದ, ಇಟ್ಟಿಗೆ ಕೆಂಪು, ನಡುಮೈಗೆ ಅಡ್ಡಲಾಗಿ ಕರಿ ಪಟ್ಟಿ. ಮೊದಲ ಜ್ವರದ ನಂತರ ಪಟ್ಟಿ ಹೋಗಿ ಮೈಯೆಲ್ಲ ಕಿತ್ತಳೆಗೆಂಪು, ತಲೆ ಕಪ್ಪು. ಎರಡನೇ ಜ್ವರ ಕಳೆದು ಎದ್ದರೆ ಹಸಿರು! ಮನೆಯವರು ಬೇರೆ ಯಾವುದೋ ಹುಳು ಸೇರಿಕೊಂಡಿತೆಂದು ತಿಳಿಯುವುದು ಇಲ್ಲೇ. ಅಲ್ಲಿಂದ ಮುಂದೆ ಹಸಿರು ಮೈಯ ಮೇಲೆ ಹಳದಿ, ಕಿತ್ತಳೆ ಗುಬುಟುಗಳು. ತಲೆಯ ಹಿಂದಿನ ಗುಬುಟುಗಳು ಉಳಿದವಕ್ಕಿಂತ ದೊಡ್ಡವು. ಐದನೇ ಹಂತದ ಕೊನೆಗೆ ಹುಳು 8ರಿಂದ 10 ಸೆಂಟಿಮೀಟರ್, ಗಂಡಸಿನ ಹೆಬ್ಬೆರಳಿನಷ್ಟು ದಪ್ಪ, ತಲೆ ಕಂದು. ಮೊದಲ ನಾಲ್ಕು ಹಂತಗಳಿಗೆ ತಲಾ 5ರಿಂದ 7 ದಿನ, ಕೊನೆಯದಕ್ಕೆ 10ರಿಂದ 15 ದಿನ. ಮೊಟ್ಟೆ ಒಡೆದಲ್ಲಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯಿರಿ.

ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಇದು ಮಕ್ಕಳಿಗೆ ಬಿಗಿಯಾಗಿ ಹೇಳಬೇಕಾದ ನಿಯಮ. ಅದು ಎಲೆ ಅಥವಾ ಕಡ್ಡಿಯ ಮೇಲೆ ತೆಳುವಾಗಿ ರೇಷ್ಮೆ ಹಾಸಿ, ಹಿಂಗಾಲುಗಳನ್ನು ಅದಕ್ಕೆ ಸಿಕ್ಕಿಸಿ, ಒಂದೂವರೆ ದಿನದವರೆಗೂ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಹಳೆಯ ಪೊರೆ ಆ ರೇಷ್ಮೆಗೆ ಕಚ್ಚಿಕೊಂಡಿದ್ದರಷ್ಟೇ ಹುಳು ಮುಂದಕ್ಕೆ ನುಗ್ಗಿ ಹೊರಬರಲು ಸಾಧ್ಯ. ಕಿತ್ತು ಬೇರೆ ಎಲೆಗೆ ಹಾಕಿದರೆ ಪೊರೆ ಹಿಂಭಾಗದಲ್ಲಿ ಸಿಕ್ಕಿ ಬಿಗಿದು ಸಾಯುತ್ತದೆ. ಸೊಪ್ಪು ಬದಲಿಸುವಾಗ ಹುಳು ಕೂತ ಎಲೆಯ ಸುತ್ತ ಕತ್ತರಿಸಿ, ಆ ತುಂಡನ್ನೇ ಹೊಸ ಎಲೆಯ ಮೇಲಿಡಿ.

ಮೊದಲ ಎರಡು ಹಂತಕ್ಕೆ ಒಂದು ಲೀಟರಿನ ಪಾರದರ್ಶಕ ಡಬ್ಬಿಗೆ ಹತ್ತು ಮರಿ. ತಳಕ್ಕೆ ಕಾಗದ, ಮೇಲೆ ಎಲೆ, ಮುಚ್ಚಳ. ಎಳೆಯ ಮರಿಗೆ ಎಲೆ ಬಾಡದಿರುವುದು ಮುಖ್ಯ, ಗಾಳಿ ಅಷ್ಟು ಬೇಡ. ಆದರೆ ಮುಚ್ಚಳದ ಒಳಗೆ ನೀರ ಹನಿ ಕಟ್ಟಿದರೆ ಮರಿ ಅದರಲ್ಲೇ ಸಿಕ್ಕಿ ಮುಳುಗುತ್ತದೆ, ಆಗ ಒಂದು ಗಂಟೆ ಮುಚ್ಚಳ ತೆಗೆದಿಡಿ. ದಿನಕ್ಕೊಮ್ಮೆ ಕಾಗದ, ಹಿಕ್ಕೆ, ಹಳೆ ಎಲೆ ಬದಲು. ಮಳೆಗಾಲದ ಎಲೆ ಒದ್ದೆಯಾಗಿರುತ್ತದೆ. ಕೊಡವಿ, ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ನೆರಳಲ್ಲಿ ಆರಿಸಿ ಕೊಡಿ.

ಮೂರನೇ ಹಂತದಿಂದ ಡಬ್ಬಿ ಸಾಲದು. ಎರಡು ದಾರಿಯಿವೆ. ಒಂದು, ನೆಟ್ಟಿನ ಪಂಜರದೊಳಗೆ ನೀರಿನ ಬಾಟಲಿಯಲ್ಲಿ ರೆಂಬೆ ನಿಲ್ಲಿಸುವುದು. ಬಾಟಲಿಯ ಬಾಯಿಗೆ ಹತ್ತಿ ತುರುಕಲೇಬೇಕು, ಇಲ್ಲವಾದರೆ ಹುಳು ಕಡ್ಡಿಯ ಗುಂಟ ಇಳಿದು ನೀರಲ್ಲಿ ಬಿದ್ದು ಸಾಯುತ್ತದೆ. 45 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಪಂಜರಕ್ಕೆ ಆರರಿಂದ ಎಂಟು ದೊಡ್ಡ ಹುಳು ಸಾಕು.

ಇನ್ನೊಂದು ದಾರಿ ಮರದ ಮೇಲೆಯೇ ಚೀಲ ಕಟ್ಟುವುದು. ಮರ ಹತ್ತಿರವಿದ್ದರೆ ಇದೇ ಒಳ್ಳೆಯದು. ಒಂದು ಮೀಟರ್ ಉದ್ದದ, ಎರಡೂ ಬದಿ ತೆರೆದ ನೆಟ್ ಚೀಲ ಹೊಲಿದು, ಎಲೆ ತುಂಬಿದ ಕೊಂಬೆಗೆ ತೊಡಿಸಿ, ಐದಾರು ಹುಳು ಬಿಟ್ಟು ಎರಡೂ ತುದಿ ದಾರದಿಂದ ಬಿಗಿಯಿರಿ. ಔಷಧಿ ಲೇಪಿಸಿದ ಸೊಳ್ಳೆಪರದೆಯ ಬಟ್ಟೆಯನ್ನು ಮಾತ್ರ ಬಳಸಬೇಡಿ. ಚೀಲದ ಕೆಳತುದಿ ಓರೆಯಾಗಿರಲಿ, ಮಳೆನೀರು ನಿಂತು ಹಿಕ್ಕೆ ಕೊಳೆಯಬಾರದು. ಮೂರು ದಿನಕ್ಕೊಮ್ಮೆ ಹಿಕ್ಕೆ ಉದುರಿಸಿ. ಮುಕ್ಕಾಲು ಎಲೆ ಮುಗಿದಾಗ ಬೇರೆ ಕೊಂಬೆಗೆ ದಾಟಿಸಿ. ಕೊಂಬೆಯ ಬುಡಕ್ಕೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಚಗಳಿಯಂಥ ಇರುವೆ ಹತ್ತುವುದು ಕಡಿಮೆಯಾಗುತ್ತದೆ. ಬಟ್ಟೆ ಒಣಗಿದಾಗ ಮತ್ತೆ ಅದ್ದಿ.

ಹುಳು ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮೊದಲನೆಯದು ಇಕ್ಕಟ್ಟು, ತೇವ, ಕೊಳಕಿನಿಂದ ಬರುವ ರೋಗ. ಹುಳು ಮೆತ್ತಗಾಗುತ್ತದೆ, ಹಿಕ್ಕೆ ನೀರಾಗುತ್ತದೆ, ಕೊನೆಗೆ ಕಪ್ಪಾಗಿ ಕಡ್ಡಿಯಿಂದ ಜೋತುಬಿದ್ದು ಒಳಗೆಲ್ಲ ಕರಗುತ್ತದೆ. ರೇಷ್ಮೆಯ ಹಾಲುತೊಂಡೆ, ಸಪ್ಪೆ ರೋಗ ಕಂಡವರಿಗೆ ಇದರ ವಾಸನೆಯೇ ಗುರುತು ಹೇಳುತ್ತದೆ. ಔಷಧಿಯಿಲ್ಲ. ಅಂಥ ಹುಳುವನ್ನು ಕೂಡಲೇ ತೆಗೆದು ಹೂತುಹಾಕಿ. ಉಳಿದವನ್ನು ಹೊಸ ಡಬ್ಬಿಗೆ, ಅರ್ಧ ಸಂಖ್ಯೆಯಂತೆ ಬೇರೆ ಮಾಡಿ. ಹಳೆಯ ಡಬ್ಬಿ, ಪಂಜರವನ್ನು ರೇಷ್ಮೆ ಮನೆಯಲ್ಲಿ ಮಾಡುವಂತೆ ತೊಳೆಯಿರಿ: ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪುಡಿ, 3 ಗ್ರಾಂ ಅರಳಿದ ಸುಣ್ಣ. ಆಮೇಲೆ ಚೆನ್ನಾಗಿ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಎರಡನೆಯದು ರೇಷ್ಮೆ ಹುಳುವನ್ನು ಕಾಡುವ ಊಜಿಯಂಥ ನೊಣಗಳು, ಸಣ್ಣ ಕಣಜಗಳು. ನೊಣ ಹುಳುವಿನ ಚರ್ಮದ ಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿಸುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕರಿ ಕಲೆ ಉಳಿಯುತ್ತದೆ. ಹುಳು ಏನೂ ಆಗದಂತೆ ತಿನ್ನುತ್ತದೆ, ಗೂಡನ್ನೂ ಕಟ್ಟಬಹುದು, ಆಮೇಲೆ ಗೂಡಿನಿಂದ ಪತಂಗದ ಬದಲು ನೊಣದ ಮರಿಗಳು ತೂತು ಕೊರೆದು ಹೊರಬೀಳುತ್ತವೆ. ಕಾಡಿನಿಂದ ದೊಡ್ಡ ಹುಳು ತಂದು ಸಾಕಿದವರಿಗೆ ಹೀಗಾಗುವುದು ಸಾಮಾನ್ಯ. ಮೊಟ್ಟೆಯಿಂದಲೇ ನೆಟ್ಟಿನೊಳಗೆ ಬೆಳೆಸಿದ್ದಕ್ಕೆ ಈ ಭಯ ಬಹಳ ಕಡಿಮೆ.

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ತಿನ್ನುವುದು ಬಿಟ್ಟು, ನೀರು ನೀರಾದ ಹಿಕ್ಕೆ ಒಮ್ಮೆ ಹಾಕಿ, ಪಂಜರವೆಲ್ಲ ಅಲೆಯತೊಡಗುತ್ತದೆ. ರೋಗವೆಂದು ತಿಳಿದು ಎಸೆದುಬಿಡುವವರಿದ್ದಾರೆ. ರೋಗದ ಹುಳು ಜೋತುಬೀಳುತ್ತದೆ, ಹಣ್ಣಾದ ಹುಳು ಚುರುಕಾಗಿ ನಡೆಯುತ್ತದೆ, ಇದೇ ವ್ಯತ್ಯಾಸ. ಇದಕ್ಕೆ ರೇಷ್ಮೆ ಹುಳು ಗೂಡು ಕಟ್ಟಲು ಇಡುವ ಚಂದ್ರಿಕೆ ಬೇಡ, ತಳದಲ್ಲಿ ಒಣ ಎಲೆ, ಮುದುಡಿದ ಕಾಗದ ಹಾಕಿದರೆ ಸಾಕು. ಒಂದೆರಡು ಎಲೆಗಳನ್ನು ಮೈಗೆಳೆದುಕೊಂಡು ಅದರೊಳಗೆ ಕಂದು ಬಣ್ಣದ, ಕಾಗದದಂಥ ಗೂಡು ನೇಯುತ್ತದೆ. ಇದರ ನೂಲು ಬಿಚ್ಚಿ ಬಟ್ಟೆ ಮಾಡುವಂಥದ್ದಲ್ಲ. ಒಳಗೆ ಹುಳು ಕೋಶವಾಗಲು, ಅಂದರೆ ಪತಂಗವಾಗುವ ಮುಂಚಿನ ನಿಶ್ಚಲ ರೂಪಕ್ಕೆ ಬರಲು, ಇನ್ನೂ ಒಂದು ವಾರ ಬೇಕು, ಆ ವಾರ ಗೂಡನ್ನು ಅಲುಗಿಸಬೇಡಿ. ಕತ್ತರಿಸಿ ನೋಡುವ ಆಸೆಯನ್ನು ಮಕ್ಕಳು ಬಿಟ್ಟುಕೊಡಲಿ.

ಮಳೆಗಾಲದಲ್ಲಿ ಕಟ್ಟಿದ ಗೂಡಿನಿಂದ ಮೂರರಿಂದ ಐದು ವಾರಕ್ಕೆ ಪತಂಗ ಬರಬಹುದು. ಮಳೆ ಮುಗಿದ ಮೇಲೆ ಕಟ್ಟಿದ್ದು ಹಾಗಲ್ಲ: ಕೋಶ ಬೇಸಿಗೆಯಿಡೀ ತಡೆದುಕೊಂಡು, ಮರ ಚಿಗುರುವ ಹೊತ್ತಿಗೆ ಹೊರಬರುತ್ತದೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲವೆಂದು ಎಸೆಯಬೇಡಿ. ಗೂಡನ್ನು ಅಂಗೈಯಲ್ಲಿ ತೂಗಿ ನೋಡಿ. ಭಾರವಿದ್ದು, ಮೆಲ್ಲಗೆ ಓರೆ ಮಾಡಿದಾಗ ದಪ್ಪನೆಯ ಸದ್ದಾದರೆ ಜೀವವಿದೆ. ಹಗುರವಾಗಿ, ಒಣ ಕಾಯಿಯ ಬೀಜದಂತೆ ಕಟಕಟ ಎಂದರೆ ಮುಗಿದಿದೆ. ಬಿಸಿಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನೀರಿನ ತುಂತುರು ಸಾಕು, ಮಳೆಗಾಲದಲ್ಲಿ ಅದೂ ಬೇಡ, ಬೂಷ್ಟು ಹಿಡಿಯುತ್ತದೆ.

ಹೊರಬರುವ ದಿನ ಗೂಡಿನೊಳಗಿಂದ ಕೆರೆಯುವ ಸದ್ದು ಕೇಳುತ್ತದೆ. ಪತಂಗ ಬಾಯಿಂದ ದ್ರವ ಬಿಟ್ಟು ರೇಷ್ಮೆ ಮೆತ್ತಗೆ ಮಾಡಿ, ರೆಕ್ಕೆಯ ಬುಡದ ಗಟ್ಟಿ ಮುಳ್ಳಿನಿಂದ ಕೊರೆದುಕೊಂಡು ಬರುತ್ತದೆ. ಹೊರಬಂದಾಗ ರೆಕ್ಕೆ ಉಗುರಿನಷ್ಟು, ಒದ್ದೆ. ಆ ಕೂಡಲೇ ಏನನ್ನಾದರೂ ಹತ್ತಿ ನೇತಾಡಲು ಅದಕ್ಕೆ ಜಾಗ ಬೇಕು. ನೆಟ್ ಅಥವಾ ಒರಟು ಬಟ್ಟೆಯ ಗೋಡೆ, ಕೆಳಗೆ 25 ಸೆಂಟಿಮೀಟರಾದರೂ ಖಾಲಿ ಜಾಗ ಇರಲಿ. ನುಣುಪಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೂಡಿಟ್ಟರೆ ಪತಂಗ ಜಾರಿ ಜಾರಿ ಬಿದ್ದು, ರೆಕ್ಕೆ ಮುದುಡಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ಅದನ್ನು ಸರಿಪಡಿಸಲು ಯಾವ ಉಪಾಯವೂ ಇಲ್ಲ. ಅರ್ಧ ಗಂಟೆಯಲ್ಲಿ ರೆಕ್ಕೆ ಬಿಚ್ಚುತ್ತದೆ, ಬಾಲ ಕೊನೆಗೆ ನೇರವಾಗುತ್ತದೆ, ಹಾರುವಷ್ಟು ಗಟ್ಟಿಯಾಗಲು ಇನ್ನೂ ಕೆಲವು ಗಂಟೆ. ಹಿಂಭಾಗದಿಂದ ಕಂದು ದ್ರವ ಸುರಿದರೆ ಹೆದರಬೇಡಿ, ಕೋಶದಲ್ಲಿದ್ದಾಗಿನ ಕಸ ಅದು.

ಗಂಡಾದರೆ ಅದೇ ರಾತ್ರಿ ಕತ್ತಲಲ್ಲಿ ಬಿಡಿ. ಹೆಣ್ಣಾದರೆ ಅದು ಕೂತ ಪಂಜರವನ್ನು ಬೆಟ್ಟದ ಕಡೆಯ ಜಗುಲಿಗಿಟ್ಟು, ಮನೆಯ ಹೊರದೀಪಗಳನ್ನೆಲ್ಲ ಆರಿಸಿ. ಸುತ್ತಮುತ್ತ ಗಂಡುಗಳಿದ್ದರೆ ಮಧ್ಯರಾತ್ರಿಯ ನಂತರ ನೆಟ್ಟಿಗೆ ಬಂದು ಬಡಿಯುತ್ತವೆ. ಬಾಗಿಲು ತೆರೆದರೆ ಒಳಹೋಗಿ ಕೂಡುತ್ತವೆ. ಒಂದೇ ತಾಯಿಯ ಮಕ್ಕಳನ್ನು ಕೂಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಜೋಡಿ ಮರುದಿನ ಸಂಜೆಯವರೆಗೂ ಅಂಟಿಕೊಂಡೇ ಇರಬಹುದು, ಬಿಡಿಸಬೇಡಿ. ಬೇರೆಯಾದ ಮೇಲೆ ಎರಡನ್ನೂ ಮುಸ್ಸಂಜೆ ಬಿಡಿ.

ನಿಮ್ಮ ಹಿಂದಿನ ಬೆಟ್ಟದ ಬಗ್ಗೆ ಒಂದು ಮಾತು. ಬೇಸಿಗೆಯ ಗೂಡುಗಳು ಹೆಚ್ಚಿನವು ಎಲೆಯ ಜೊತೆಗೇ ಉದುರಿ ನೆಲದ ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಇರುತ್ತವೆ. ಕೊಟ್ಟಿಗೆಗೂ ತೋಟಕ್ಕೂ ದರಕು ಗುಡಿಸಿ ತರುವಾಗ ಅವೂ ಬುಟ್ಟಿ ಸೇರಿ ಗೊಬ್ಬರಗುಂಡಿಯಲ್ಲಿ ಕೊಳೆಯುತ್ತವೆ. ಬೆಟ್ಟಕ್ಕೆ ಬೆಂಕಿ ಬಿದ್ದರಂತೂ ಒಂದೂ ಉಳಿಯದು. ಉದಿ ಮರದ ಬುಡದ ಸುತ್ತ ನಾಲ್ಕು ಮಾರು ಜಾಗವನ್ನು ಗುಡಿಸದೆ ಬಿಡಿ. ಬೇರೆ ಕಡೆಯ ದರಕನ್ನು ಹೇರುವಾಗ ಎಲೆಯ ನಡುವೆ ಕೈಗೆ ಗಟ್ಟಿಯಾಗಿ, ಭಾರವಾಗಿ, ಮೊಟ್ಟೆಯಾಕಾರದ ಕಂದು ಗೂಡು ಸಿಕ್ಕರೆ ಅದನ್ನು ಆ ಮರದ ಬುಡಕ್ಕೆ ಹಾಕಿ, ಮೇಲೆ ಒಂದು ಹಿಡಿ ಒಣ ಎಲೆ ಮುಚ್ಚಿ.